ಬಾಗಿಲ ಮೇಲಿನ ಲೋಳೆಸರ

“ಏನನ್ನೂ ಬೇಡದವರು ತೃಪ್ತರಲ್ಲವೇ, ಬುದ್ಧಿ?” ಎಂದು ಮರಿದೇವ ಕೇಳಿದ.

ಅವನು ಹಾಗೆ ಕೇಳಿದ ದಿನ ಬೇರೆ ದಿನಗಳ ಹಾಗೆಯೇ ಇತ್ತು. ಅಮಾವಾಸ್ಯೆ ಕಳೆದ ಮಾರನೆಯ ಬೆಳಿಗ್ಗೆ. ಹಿಂದಿನ ದಿನ ಬಂದಿದ್ದ ಭಕ್ತರೆಲ್ಲ ಹೊರಟುಹೋಗಿದ್ದರು. ದಾಸೋಹದ ಮನೆಯಲ್ಲಿ ಹುರುಳಿ ಬೇಯುತ್ತಿತ್ತು. ಗುರುಗಳು ಮತ್ತು ಮರಿದೇವ ಮಠದ ಹಿಂದಿನ ಜಗಲಿಯಲ್ಲಿ ಕೂತು ಕುಂಡಗಳ ಮಣ್ಣು ಬದಲಿಸುತ್ತಿದ್ದರು. ಮುಂದೆ ಎಷ್ಟೋ ವರ್ಷ ಮರಿದೇವ ಆ ಬೆಳಗನ್ನು ನೆನೆದಾಗಲೆಲ್ಲ ಅದರಲ್ಲಿ ಗುರುತಿಟ್ಟುಕೊಳ್ಳುವಂಥದ್ದು ಏನೂ ಸಿಗುತ್ತಿರಲಿಲ್ಲ. ಕೈಗೆ ಅಂಟಿದ ಮರಳು ಮಾತ್ರ ನೆನಪಿಗೆ ಬರುತ್ತಿತ್ತು.

ಆ ಮಠ ಗುಡ್ಡದ ಮೇಲಿತ್ತು. ನೀರನ್ನು ಕೆಳಗಿನಿಂದ ಹೊತ್ತು ತರಬೇಕು. ಹಾಗಾಗಿ ಗುರುಗಳು ಸಾಕಿದ್ದು ತಮ್ಮ ಮೈಯಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡಗಳನ್ನು. ಒಡೆದ ಗಡಿಗೆ, ತಳ ಹೋದ ಬಕೆಟ್ಟು, ಹಳೆಯ ಎಣ್ಣೆ ಡಬ್ಬ, ಎಲ್ಲ ಸೇರಿ ಇಪ್ಪತ್ತೆರಡು ಕುಂಡ. ಅವುಗಳಲ್ಲಿ ಕಾಡುಬಸಳೆ, ಮಂಗರವಳ್ಳಿ, ಕಳ್ಳಿಯ ಮೂರು ಜಾತಿ, ಲೋಳೆಸರದ ಮರಿಗಳು. ಎರಡು ಪಾಲು ಮರಳಿಗೆ ಒಂದು ಪಾಲು ಮಣ್ಣು. ತಳದಲ್ಲಿ ತೂತು, ತೂತಿನ ಮೇಲೆ ಇಟ್ಟಿಗೆ ಚೂರು. ನೀರು ಹಾಕುವ ಮೊದಲು ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಬೇಕು. ಬೆರಳಿಗೆ ತಣ್ಣಗೆ ತಾಗಿದರೆ ಆ ದಿನ ನೀರಿಲ್ಲ. ಇವೆಲ್ಲ ಮರಿದೇವನಿಗೆ ಮಠಕ್ಕೆ ಬರುವ ಮೊದಲೇ ಗೊತ್ತಿದ್ದವು. ಕಲಿಸಿದ್ದು ಅಕ್ಕ.

ಮುಂದಿನ ಸೋಮವಾರ ಅವನಿಗೆ ದೀಕ್ಷೆ. ಆ ಮಠದಲ್ಲಿ ಒಂದು ಪದ್ಧತಿಯಿತ್ತು. ದೀಕ್ಷೆ ಕೊಡುವ ಮೊದಲು ಗುರುಗಳು ಶಿಷ್ಯನನ್ನು ಮೂರು ಬೇರೆ ಬೇರೆ ದಿನ ಒಂದೇ ಮಾತು ಕೇಳುತ್ತಿದ್ದರು: ಹಿಂದೆ ಏನಾದರೂ ಉಳಿದಿದೆಯೇ? ಮೂರು ಸಲವೂ ಇಲ್ಲ ಎಂದವನಿಗೆ ದೀಕ್ಷೆ. ಅಲ್ಲಿಂದಾಚೆಗೆ ಅವನು ತನ್ನವರ ಮನೆಯ ಹೊಸಿಲು ತುಳಿಯುವಂತಿಲ್ಲ. ಕಾಯಿಲೆಗೂ ಇಲ್ಲ, ಸಾವಿಗೂ ಇಲ್ಲ. ಮರಿದೇವ ಎರಡು ಸಲ ಇಲ್ಲ ಎಂದಿದ್ದ. ಈ ಬೆಳಿಗ್ಗೆ ಮರಳನ್ನು ಜರಡಿ ಹಿಡಿಯುತ್ತ ಗುರುಗಳು ಮೂರನೆಯ ಸಲ ಕೇಳಿದರು.

ಅದಕ್ಕೆ ಉತ್ತರವಾಗಿ ಮರಿದೇವ ಅಕ್ಕನ ಮಾತೆತ್ತಿದ.

ಅಕ್ಕ ಶಿವಮ್ಮಣ್ಣಿ ಅವನಿಗಿಂತ ಹದಿನೇಳು ವರ್ಷ ದೊಡ್ಡವಳು. ಅವನಿಗೆ ಆರು ವರ್ಷವಾಗಿದ್ದಾಗ ಅಪ್ಪ ಅಮ್ಮ ಒಂದೇ ವರ್ಷದಲ್ಲಿ ತೀರಿಕೊಂಡರು. ಅಕ್ಕ ಬಂದ ಗಂಡುಗಳನ್ನೆಲ್ಲ ಹಿಂದಕ್ಕೆ ಕಳಿಸಿದಳು. ಪೇಟೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದು ರವಿಕೆ ಹೊಲಿದು ಅವನನ್ನು ಸಾಕಿದಳು. ಮನೆಯ ಪಡಸಾಲೆಯಲ್ಲಿ, ತಗಡಿನ ಮಾಡಿನ ಕೆಳಗೆ, ಅವಳ ಲೋಳೆಸರದ ಕುಂಡಗಳು. ಎಂಟು ದಿನಕ್ಕೊಮ್ಮೆ, ಗುರುವಾರ, ಕುಂಡಕ್ಕೊಂದು ಲೋಟ ನೀರು. ಅವನಿಗೆ ತಿಳುವಳಿಕೆ ಬಂದಾಗಿನಿಂದ ಆ ಲೋಟ ತಪ್ಪಿದ್ದನ್ನು ಅವನು ಕಂಡಿರಲಿಲ್ಲ. ಎರಡು ವರ್ಷದ ಹಿಂದೆ, ಮಠಕ್ಕೆ ಹೋಗುತ್ತೇನೆ ಎಂದಾಗ ಅವಳು ಹೊಲಿಗೆ ಮಿಷನ್ ತುಳಿಯುತ್ತಿದ್ದ ಕಾಲನ್ನು ನಿಲ್ಲಿಸಲಿಲ್ಲ. ಹೋಗು, ನನಗೇನೂ ಬೇಡ ಎಂದಳು. ಆಮೇಲೆ ಒಂದು ಕಾಗದವಿಲ್ಲ, ಒಂದು ಮಾತಿಲ್ಲ. ಗುರುಗಳ ಹಿಮ್ಮಡಿಯ ಒಡಕಿಗೆಂದು ಪ್ರತಿ ತಿಂಗಳು ಲೋಳೆಸರದ ಎಲೆ ಕಳಿಸುತ್ತಿದ್ದಳು, ಅಷ್ಟೇ. ಅಮಾವಾಸ್ಯೆಯ ದಿನ ಅವಳು ಗಿಡಕ್ಕೆ ಚಾಕು ಮುಟ್ಟಿಸುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಕೊಯ್ದು, ಪೇಪರಿನಲ್ಲಿ ಸುತ್ತಿ, ಹೊಲಿಯುವ ದಾರದಿಂದ ಕಟ್ಟಿ, ಮೊದಲ ಬಸ್ಸಿನ ಕಂಡಕ್ಟರ ಕೈಗೆ ಕೊಡಿಸುತ್ತಿದ್ದಳು. ಆ ತಿಂಗಳು ಅವಳು ಯಾವ ಬಣ್ಣದ ರವಿಕೆ ಹೊಲಿಯುತ್ತಿದ್ದಳೆಂದು ಪೊಟ್ಟಣದ ದಾರ ನೋಡಿ ಹೇಳಬಹುದಿತ್ತು.

ಈ ಬೆಳಿಗ್ಗೆಯೂ ಪೊಟ್ಟಣ ಬಂದಿತ್ತು. ಜಗಲಿಯ ಕಟ್ಟೆಯ ಮೇಲೆ ಇತ್ತು. ಈ ಸಲ ದಾರವಿರಲಿಲ್ಲ, ಪೇಪರಿನ ತುದಿಯನ್ನು ಸುಮ್ಮನೆ ಒಳಕ್ಕೆ ಮಡಿಚಿಡಲಾಗಿತ್ತು.

ಮೊದಲೆಲ್ಲ ಗುರುಗಳಿಗೆ ರಾತ್ರಿಗೆ ಒಂದು ಎಲೆ ಸಾಕಾಗುತ್ತಿತ್ತು. ಈಚೆಗೆ ಬೆಳಿಗ್ಗೆ ಕಸ ಗುಡಿಸುವಾಗ ಮರಿದೇವನಿಗೆ ಮೂರು ಮೂರು ಸಿಪ್ಪೆ ಸಿಗುತ್ತಿದ್ದವು. ಗುರುಗಳ ಒಡಕು ಹೆಚ್ಚಾಗಿರಬೇಕು ಎಂದುಕೊಂಡಿದ್ದ.

ಅಕ್ಕನ ವಿಷಯವನ್ನೆಲ್ಲ ಅವನು ಹೆಮ್ಮೆಯಿಂದಲೇ ಹೇಳಿದ. ತಾನು ಗುಡ್ಡ ಹತ್ತಿ ಬಂದು ಕಲಿಯುತ್ತಿರುವುದನ್ನು ಅವಳು ಮಿಷನ್ ತುಳಿಯುತ್ತಲೇ ಕಲಿತುಬಿಟ್ಟಿದ್ದಾಳೆ ಎಂದ. ಆಮೇಲೆ ಆ ಪ್ರಶ್ನೆ ಕೇಳಿದ. ಗುರುಗಳು ಹೌದು ಎಂದಿದ್ದರೆ ಅವನಿಗೆ ಸಾಕಾಗಿತ್ತು. ಎರಡು ವರ್ಷದಿಂದ ಆ ಹೌದನ್ನು ತನಗೆ ತಾನೇ ಹೇಳಿಕೊಂಡು ಅವನು ದಣಿದಿದ್ದ.

ಗುರುಗಳೂ ದಣಿದಿದ್ದರು. ಅವರಿಗೆ ಎಪ್ಪತ್ತೆಂಟು. ಕೇಳಿದವರಿಗೆಲ್ಲ ಕತೆ ಹೇಳಿ ಹೇಳಿ ಅವರಿಗೆ ಸಾಕಾಗಿತ್ತು. ಅವರು ಜರಡಿ ಕೆಳಗಿಟ್ಟರು, ಕಾಲು ನೀಡಿಕೊಂಡರು.

“ಮಣ್ಣು ಕಲಸುವುದನ್ನು ನಿಲ್ಲಿಸಬೇಡ,” ಎಂದರು. “ಕಲಸುತ್ತಲೇ ಕೇಳು.”

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ಕೆಟ್ಟವನಲ್ಲ. ದುಡಿದು ಒಂದು ಮನೆ ಕಟ್ಟಿದ. ಬೀದಿಯಲ್ಲಿ ಅಷ್ಟು ಎತ್ತರದ ಬಾಗಿಲು ಬೇರೆ ಯಾರಿಗೂ ಇರಲಿಲ್ಲ. ಎತ್ತರದ ಬಾಗಿಲಿಗೆ ಎಲ್ಲರ ಕಣ್ಣು ಬೀಳುತ್ತದೆ. ಆದ್ದರಿಂದ ಗೃಹಪ್ರವೇಶದ ದಿನ, ಎಲ್ಲರೂ ಮಾಡುವ ಹಾಗೆ, ಒಂದು ಲೋಳೆಸರವನ್ನು ಬೇರುಸಹಿತ ಕಿತ್ತು, ಬೇರು ಮೇಲಾಗಿ ತಲೆ ಕೆಳಗಾಗಿ, ಕರಿದಾರದಲ್ಲಿ ಬಾಗಿಲ ಮೇಲೆ ಕಟ್ಟಿದ.

ಗಿಡ ಹೆಂಡತಿಯದು. ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದ ಒಂದು ಮರಿಯಿಂದ ಅವಳು ಹನ್ನೊಂದು ಕುಂಡ ಮಾಡಿದ್ದಳು. ಮರಿಯನ್ನು ತಾಯಿಗಿಡದಿಂದ ಬಿಡಿಸಿದರೆ ಅದೇ ದಿನ ನೆಡುತ್ತಿರಲಿಲ್ಲ. ನಾಲ್ಕು ದಿನ ನೆರಳಿನಲ್ಲಿ ಇಡುತ್ತಿದ್ದಳು. ಬಿಡಿಸಿದ ಗಾಯ ಒಣಗಿ ಮುಚ್ಚಿದ ಮೇಲೆ ಮರಳಿನಲ್ಲಿ ಊರುತ್ತಿದ್ದಳು. ಊರಿದ ಮೇಲೂ ಎಂಟು ದಿನ ನೀರು ಕೊಡುತ್ತಿರಲಿಲ್ಲ. ವ್ಯಾಪಾರಿ ಕಿತ್ತದ್ದು ಹನ್ನೊಂದರಲ್ಲಿ ಹಳೆಯದನ್ನು, ಮೊದಲನೆಯದನ್ನು. ಅವಳು ಚಿಕ್ಕದೊಂದನ್ನು ಕಟ್ಟಿದರಾಗದೇ ಎಂದು ಕೇಳಿದಳು. ದೊಡ್ಡ ಬಾಗಿಲಿಗೆ ದೊಡ್ಡ ಗಿಡವೇ ಬೇಕು ಎಂದ. ಅವಳು ಮತ್ತೆ ಕೇಳಲಿಲ್ಲ.

ಗಿಡ ಸಾಯಲಿಲ್ಲ. ತಿಂಗಳಾಯಿತು, ಆರು ತಿಂಗಳಾಯಿತು, ವರ್ಷವಾಯಿತು. ಮಣ್ಣಿಲ್ಲ, ನೀರಿಲ್ಲ. ಬಾಗಿಲಲ್ಲಿ ನಿಂತು ತಲೆ ಎತ್ತಿದವರಿಗೆ ಹಸಿರು ಕಾಣುತ್ತಿತ್ತು. ವ್ಯಾಪಾರಿ ಬಂದವರಿಗೆಲ್ಲ ತೋರಿಸುತ್ತಿದ್ದ. ಇದಕ್ಕೆ ಏನೂ ಬೇಡ, ಇದರ ಪಾಡಿಗೆ ಇದು ಇರುತ್ತದೆ ಎನ್ನುತ್ತಿದ್ದ. ಮಜ್ಜಿಗೆ ತಂದುಕೊಡುತ್ತಿದ್ದ ಹೆಂಡತಿಯ ಕಡೆ ಕೈ ತೋರಿಸಿ, ಇವಳೂ ಅದೇ ಜಾತಿ, ಮದುವೆಯಾದಾಗಿನಿಂದ ಒಂದು ಸೀರೆ ಕೇಳಿದವಳಲ್ಲ ಎನ್ನುತ್ತಿದ್ದ. ಬಂದವರು ನಗುತ್ತಿದ್ದರು, ಪುಣ್ಯ ಮಾಡಿದ್ದೀರಿ ಎನ್ನುತ್ತಿದ್ದರು. ಅವಳೂ ನಗುತ್ತಿದ್ದಳು, ಲೋಟಗಳನ್ನು ಒಳಗೆ ಒಯ್ಯುತ್ತಿದ್ದಳು.

ಇಲ್ಲಿಗೆ ಬಂದಾಗ ಮರಿದೇವನ ಕೈ ಒಂದು ಕ್ಷಣ ನಿಂತಿತು. ಗುರುಗಳು ಅದನ್ನು ನೋಡಿದರೋ ಇಲ್ಲವೋ. ಕುಂಡಕ್ಕೆ ಹಾಕಬೇಕಾದ ಇಟ್ಟಿಗೆ ಚೂರುಗಳನ್ನು ಆರಿಸುತ್ತ ಅವರು ಮುಂದುವರಿದರು.

ತಲೆ ಕೆಳಗಾದ ಗಿಡ ಹೇಗೆ ಬದುಕುತ್ತದೆ ಎಂಬುದನ್ನು ಆ ವ್ಯಾಪಾರಿ ಯೋಚಿಸಿರಲಿಲ್ಲ. ಲೋಳೆಸರ ತನ್ನ ಹೊರಗಿನ ಎಲೆಯ ನೀರನ್ನು ಒಳಗಿನ ಎಲೆಗೆ ಕೊಡುತ್ತದೆ. ಹೊರಗಿನದು ಕಾಗದದಂತಾಗುತ್ತದೆ. ಅದು ಮುಗಿದ ಮೇಲೆ ಅದಕ್ಕಿಂತ ಒಳಗಿನದು. ಗಿಡವನ್ನು ತಲೆ ಕೆಳಗಾಗಿ ಕಟ್ಟಿದಾಗ ಕೆಳಗೆ ನಿಂತವನಿಗೆ ಕಾಣುವುದು ಸುಳಿ ಮಾತ್ರ. ಸುಳಿ ಕೊನೆಯವರೆಗೂ ಹಸಿರು. ಒಣಗಿದ ಎಲೆಗಳು ಮೇಲೆ, ಬೇರಿನ ಹತ್ತಿರ, ಹಿಂದೆ ಇರುತ್ತವೆ. ಅಲ್ಲದೆ ಪ್ರತಿ ಶುಕ್ರವಾರ ಬಾಗಿಲು ತೊಳೆಯುವ ಮೊದಲು ಹೆಂಡತಿ ಸ್ಟೂಲು ಹಾಕಿಕೊಂಡು ಒಣಗಿದ್ದನ್ನು ಕಿತ್ತು ತೆಗೆಯುತ್ತಿದ್ದಳು. ಬಾಗಿಲು ಲಕ್ಷಣವಾಗಿರಬೇಕಲ್ಲ. ಆದ್ದರಿಂದ ಅವನು ಒಂದು ಒಣ ಎಲೆಯನ್ನೂ ಕಂಡವನಲ್ಲ. ಅವಳು ಎಲ್ಲರ ಊಟವಾದ ಮೇಲೆ ಉಣ್ಣುತ್ತಿದ್ದಳು. ಪಾತ್ರೆಯಲ್ಲಿ ಎಷ್ಟು ಉಳಿದಿತ್ತು ಎಂಬುದನ್ನೂ ಅವನು ಕಂಡವನಲ್ಲ. ಪಾತ್ರೆಯ ವ್ಯಾಪಾರಿ.

ಮೂರನೆಯ ವರ್ಷ ಗಿಡ ಹೂ ಬಿಟ್ಟಿತು. ಸುಳಿಯಿಂದ ಒಂದು ದಂಟು ಕೆಳಗಿಳಿದು, ಬಾಗಿ, ಬೆಳಕಿನ ಕಡೆಗೆ ಮೇಲಕ್ಕೆ ತಿರುಗಿತು. ಅದರ ತುದಿಯಲ್ಲಿ ಹಳದಿ ಹೂ. ಬಾಗಿಲಿಗೆ ಕಟ್ಟಿದ ಲೋಳೆಸರ ಹೂ ಬಿಟ್ಟರೆ ಮನೆಗೆ ಶುಭ ಎಂದು ಜನ ನಂಬುತ್ತಾರೆ. ಬೀದಿಗೆ ಬೀದಿಯೇ ಬಂದು ನೋಡಿತು. ವ್ಯಾಪಾರಿ ಕಲ್ಲುಸಕ್ಕರೆ ಹಂಚಿದ. ಆ ಹೊತ್ತಿಗೆ ಸರಿಯಾಗಿ ವರ್ಷಕ್ಕೊಮ್ಮೆ ಬರುವ ಬಳೆಗಾರ ಬಂದ. ಒಳ್ಳೆಯ ದಿನ ಬಂದಿದ್ದೀಯಪ್ಪ, ನಮ್ಮ ಮನೆಯವಳಿಗೆ ಒಂದು ಡಜನ್ ಹಸಿರು ಬಳೆ ತೊಡಿಸು ಎಂದ ವ್ಯಾಪಾರಿ. ಇರುವ ಬಳೆಯೇ ಸಾಕು ಎಂದಳು ಹೆಂಡತಿ. ಇವತ್ತು ಸಾಕು ಅನ್ನಬಾರದು ಎಂದು ಅವಳನ್ನು ಕೂರಿಸಿದ.

ಬಳೆಗಾರನಿಗೆ ಅವಳ ಅಳತೆ ಗೊತ್ತಿತ್ತು. ಆ ಅಳತೆಯ ಬಳೆಗಳನ್ನೇ ತೆಗೆದಿಟ್ಟುಕೊಂಡು ಅವಳ ಕೈಯನ್ನು ತನ್ನ ಕೈಯಲ್ಲಿ ಹಿಡಿದ, ಬೆರಳಿನ ಗೆಣ್ಣುಗಳನ್ನು ಒತ್ತಿ ನೋಡಿದ. ತೆಗೆದ ಬಳೆಗಳನ್ನು ಹಿಂದಕ್ಕೆ ಇಟ್ಟ. ಅದಕ್ಕಿಂತ ಚಿಕ್ಕದನ್ನು ತೆಗೆದ. ಅದನ್ನೂ ಹಿಂದಕ್ಕೆ ಇಟ್ಟ. ಕೊನೆಗೆ ಮದುವೆಯಾಗದ ಹುಡುಗಿಯರಿಗೆಂದು ಇಟ್ಟಿದ್ದ ಕಟ್ಟು ಬಿಚ್ಚಿ ಅದರಿಂದ ತೊಡಿಸಿದ. ಅವಳ ಮುಖ ನೋಡಿದ. ಅವಳು ತಲೆ ಬಗ್ಗಿಸಿಕೊಂಡಿದ್ದಳು.

ಆಮೇಲೆ ಅವನು ಎದ್ದ. ಸ್ಟೂಲು ತರಿಸಿಕೊಂಡು ಹತ್ತಿ, ಬಾಗಿಲ ಮೇಲಿನ ಗಿಡದ ಒಂದು ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಮಡಿಚಿದ. ಎಲೆ ಚರ್ಮದ ಹಾಗೆ ಮಡಿಚಿಕೊಂಡಿತು.

“ಯಜಮಾನರೇ,” ಎಂದ, “ನೀರಿರುವ ಲೋಳೆಸರದ ಎಲೆ ಮಡಿಚಿದರೆ ಪಟ್ ಅಂತ ಮುರಿಯುತ್ತೆ. ಮೈಯಲ್ಲಿರೋದನ್ನೆಲ್ಲ ತಾನೇ ತಿಂದುಕೊಂಡ ಎಲೆ ಮುರಿಯೋದಿಲ್ಲ. ಸದ್ದಿಲ್ಲದೆ ಮಡಿಚಿಕೊಳ್ಳುತ್ತೆ. ಮಲ್ಲಿಗೆ ಗಿಡಕ್ಕೆ ಒಂದು ದಿನ ನೀರು ತಪ್ಪಿದರೆ ಸಂಜೆಗೇ ಜೋತುಬಿದ್ದು ಹೇಳುತ್ತೆ. ಇದು ಹೇಳೋದು ಎಲ್ಲ ಮುಗಿದ ಮೇಲೆ. ಈ ಹೂವು ಸಂತೋಷಕ್ಕೆ ಬಿಟ್ಟದ್ದಲ್ಲ, ಯಜಮಾನರೇ. ಹೋಗೋ ಮುಂಚೆ ಬೀಜ ಬಿಡೋಣ ಅಂತ ಬಿಟ್ಟದ್ದು.”

ಬೀದಿಯವರ ಮುಂದೆ ಹಾಗೆ ಹೇಳಿದ್ದು ವ್ಯಾಪಾರಿಗೆ ಹಿಡಿಸಲಿಲ್ಲ. ಆದರೂ ಶುಭದಿನ. ನಗುತ್ತಲೇ ಹೇಳಿದ: “ಬಳೆ ಮಾರೋನು ಬಳೆ ನೋಡಪ್ಪ. ಗಿಡ ನಾನು ನೋಡಿಕೊಳ್ತೀನಿ.”

ಬಳೆಗಾರ ತನ್ನ ಗಂಟು ಕಟ್ಟಿ ಹೆಗಲಿಗೇರಿಸಿದ. “ಬಳೆ ನೋಡಿಯೇ ಹೇಳಿದ್ದು, ಯಜಮಾನರೇ,” ಎಂದ. ಕಲ್ಲುಸಕ್ಕರೆ ತೆಗೆದುಕೊಳ್ಳದೆ ಹೋದ.

ಹದಿನೈದು ದಿನಕ್ಕೆ ಹೂ ಉದುರಿತು. ಇಪ್ಪತ್ತು ದಿನಕ್ಕೆ ಸುಳಿ ಹಳದಿಯಾಯಿತು. ಆಗ ವ್ಯಾಪಾರಿಗೆ ಹೆದರಿಕೆಯಾಯಿತು. ಗಿಡವನ್ನು ಇಳಿಸಿದ. ಕೈಯಲ್ಲಿ ಹಿಡಿದಾಗ ತೂಕವೇ ಇರಲಿಲ್ಲ. ಅಂಗಡಿಯಿಂದ ಒಂದು ದೊಡ್ಡ ಹಿತ್ತಾಳೆಯ ಕೊಳಗ ತರಿಸಿದ. ತಳದಲ್ಲಿ ತೂತಿಲ್ಲದ ಕೊಳಗ. ಗೊಬ್ಬರ ತುಂಬಿದ, ಗಿಡ ನೆಟ್ಟ, ಮೂರು ವರ್ಷದ ನೀರನ್ನು ಒಂದೇ ದಿನ ಹೊಯ್ದ. ಮಾರನೆಯ ದಿನ ಇನ್ನೊಂದು ಕೊಡ ಹೊಯ್ದ. ಮೂರನೆಯ ದಿನ ಬುಡ ಮೆತ್ತಗಾಯಿತು, ವಾಸನೆ ಬಂತು. ಯಾಕೆ ಹೀಗೆ ಎಂದು ಅವನಿಗೆ ತಿಳಿಯಲಿಲ್ಲ. ಮನೆಯಲ್ಲಿ ಅದು ತಿಳಿದವಳು ಒಬ್ಬಳೇ. ಒಣಗಿದ ಬೇರು ಕತ್ತರಿಸಬೇಕು, ಗಾಯ ಮುಚ್ಚಲು ಬಿಡಬೇಕು, ಮರಳಿನಲ್ಲಿ ಇಡಬೇಕು, ಕಾಯಬೇಕು. ಅದನ್ನು ಕೇಳಲು ಅವನು ಒಳಗೆ ಹೋದ. ಹೂ ಉದುರಿದ ದಿನದಿಂದ ಅವಳು ಚಾಪೆಯಿಂದ ಎದ್ದಿರಲಿಲ್ಲ. ಅವನು ಕೇಳಿದ. ಅವಳು ಏನೂ ಬೇಡ ಎನ್ನುವಂತೆ ಕೈ ಆಡಿಸಿದಳು. ಹಸಿರು ಬಳೆಗಳು ಮೊಣಕೈವರೆಗೆ ಜಾರಿದವು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಜರಡಿಯನ್ನು ಮತ್ತೆ ಎತ್ತಿಕೊಂಡರು. ಕತೆ ಮುಗಿಯಿತೆಂದು ಮರಿದೇವನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ದಾಸೋಹದ ಮನೆಯಲ್ಲಿ ಯಾರೋ ಹಂಡೆಯ ಮುಚ್ಚಳ ತೆಗೆದು ಮುಚ್ಚಿದರು.

ಆ ಹೆಂಗಸು ಉಳಿದಳೇ ಎಂದು ಅವನು ಕೇಳಿದ. ತಾನು ಹೇಳಿದ್ದು ಗಿಡದ ಕತೆ ಎಂದರು ಗುರುಗಳು. ಅವರ ದನಿಯಲ್ಲಿ ಕೋಪವಿರಲಿಲ್ಲ. ಬಹಳ ಸಲ ಇದೇ ಪ್ರಶ್ನೆ ಕೇಳಿಸಿಕೊಂಡವರ ದನಿ ಅದು.

ಮರಿದೇವ ಕಲಸಿದ ಮಣ್ಣನ್ನು ಕುಂಡಕ್ಕೆ ತುಂಬಿದ. ಲೋಳೆಸರದ ಒಂದು ಮರಿಯನ್ನು ನಡುವೆ ನಿಲ್ಲಿಸಿ ಸುತ್ತ ಒತ್ತಿದ. ಅಕ್ಕ ಹಾಗಲ್ಲ ಎಂದು ಹೇಳಬೇಕೆಂದು ಅವನಿಗೆ ಅನ್ನಿಸಿತು. ಅವಳನ್ನು ಯಾರೂ ಕಿತ್ತು ಬಾಗಿಲಿಗೆ ಕಟ್ಟಿಲ್ಲ. ಅವಳ ಮನೆ ಅವಳದು, ದುಡಿಮೆ ಅವಳದು. ಚಿಕ್ಕಂದಿನಲ್ಲಿ ಅವನು ಉಳಿಸಿದ ಅನ್ನವನ್ನು ಅವಳು ಉಣ್ಣುತ್ತಿದ್ದಳು, ನಿಜ. ಆಗ ಅವನಿಗೆ ಆರು ವರ್ಷ, ಎಂಟು ವರ್ಷ. ಅವನು ಕಾಲೇಜಿಗೆ ಹೋಗುವಾಗಲೂ ಅವಳು ಅವನ ನಂತರವೇ ಕೂರುತ್ತಿದ್ದಳು, ಅದೂ ನಿಜ. ಅವನು ಎಷ್ಟು ಉಳಿದಿದೆ ಎಂದು ಮುಚ್ಚಳ ತೆಗೆದು ನೋಡಿದ ನೆನಪು ಅವನಿಗಿರಲಿಲ್ಲ. ಆದರೆ ಹೊರಡುವ ದಿನ ಅವಳು ನಗುತ್ತಿದ್ದಳು. ನಗುತ್ತಿದ್ದಳೇ? ಅವಳ ಮುಖ ಮಿಷನ್ನಿನ ಸೂಜಿಯ ಕಡೆಗಿತ್ತು. ಅವನಿಗೆ ಕಂಡದ್ದು ಬೈತಲೆ.

“ಅಕ್ಕ ಚೆನ್ನಾಗಿದ್ದಾಳೆ, ಬುದ್ಧಿ,” ಎಂದ. “ಚೆನ್ನಾಗಿಲ್ಲದಿದ್ದರೆ ತಿಂಗಳು ತಿಂಗಳು ಎಲೆ ಹೇಗೆ ಬರುತ್ತಿತ್ತು? ಇವತ್ತೂ ಬಂದಿದೆಯಲ್ಲ.”

ಗುರುಗಳು ಕೈ ಒರೆಸಿಕೊಂಡರು. ಕಟ್ಟೆಯ ಮೇಲಿದ್ದ ಪೊಟ್ಟಣವನ್ನು ತೆಗೆದು ಅವನ ಮುಂದಿಟ್ಟರು.

“ಒಂದು ಎಲೆ ಮಡಿಚಿ ನೋಡು,” ಎಂದರು.

ಮರಿದೇವ ಪೇಪರು ಬಿಚ್ಚಿದ. ಎಲ್ಲಕ್ಕಿಂತ ದೊಡ್ಡ ಎಲೆಯನ್ನು ಆರಿಸಿ, ಎರಡು ಕೈಯಲ್ಲಿ ಹಿಡಿದು, ಮಡಿಚಿದ.

ಸದ್ದಾಗಲಿಲ್ಲ.